ಬೇಡ ಅಂದರೆ ಮೇಲೆ

ನಮ್ಮ ಚರ್ಚಿನ ಮದುವೆಯಲ್ಲಿ ಗಂಡಾಗಲಿ ಹೆಣ್ಣಾಗಲಿ ಬಾಯಿಬಿಟ್ಟು ‘ಹೌದು, ಒಪ್ಪಿದ್ದೇನೆ’ ಎನ್ನುವ ಪದ್ಧತಿ ಇಲ್ಲ. ಪಾದ್ರಿ ತಲೆಯ ಮೇಲೆ ಹೂವಿನ ಕಿರೀಟ ಇಡುತ್ತಾನೆ, ಮೇಜಿನ ಸುತ್ತ ಮೂರು ಸುತ್ತು ಸುತ್ತಿಸುತ್ತಾನೆ, ಅಲ್ಲಿಗೆ ಮುಗಿಯಿತು. ಹೌದು ಎನ್ನಲೇಬೇಕು ಎಂದಿದ್ದರೆ ಸ್ಟ್ರಾಟಿಸ್‌ಗೆ ಈ ಜನ್ಮದಲ್ಲಿ ಮದುವೆಯೇ ಆಗುತ್ತಿರಲಿಲ್ಲ ಎಂದು ನಮ್ಮ ಬಂದರಿನ ಊರು ಪೆರಾಮದ ಜನ ನಗುತ್ತಿದ್ದರು. ಆ ಮನುಷ್ಯನ ಬಾಯಲ್ಲಿ ಹೌದು ಎನ್ನುವ ಮಾತನ್ನು ಕೇಳಿದವರೇ ಇರಲಿಲ್ಲ.

‘ಹೆಂಡತಿ ಗಂಡನಿಗೆ ಅಂಜಿ ನಡೆಯಲಿ’ ಎಂದು ಪಾದ್ರಿ ಓದುವ ಹೊತ್ತಿಗೆ ಮದುಮಗಳು ಮದುಮಗನ ಕಾಲು ತುಳಿಯಬೇಕು. ಬೇರೆ ಹುಡುಗಿಯರು ನಾಚಿಕೊಂಡು ಹಾಗೆ ಮುಟ್ಟಿಸುತ್ತಾರೆ. ಮೆರೋಪಿ ಎಂಥ ತುಳಿ ತುಳಿದಳೆಂದರೆ, ಸಂಜೆ ಕುಣಿತದಲ್ಲಿ ಸ್ಟ್ರಾಟಿಸ್ ಕುಂಟುತ್ತಿದ್ದ. ಕಣ್ಣಾರೆ ಕಂಡವಳು ನಾನು. ಇದು ಮೆರೋಪಿಯ ಕಥೆ. ಆದರೆ ಅವಳ ಕಥೆ ಹೇಳಲು ಅವನ ‘ಬೇಡ’ವನ್ನು ಹೇಳದೆ ಆಗುವುದಿಲ್ಲ. ಅವಳ ಬಾಳೆಲ್ಲ ಸವೆದದ್ದು ಅದರ ಕೆಳಗೇ.

ನನ್ನ ಹೆಸರು ಪಗೋನ. ಗುಡ್ಡದ ಮೇಲಿನ ಮೆಟ್ಟಿಲು ಬೀದಿಯಲ್ಲಿ ಅವರ ಮನೆಯ ಎದುರೇ ನನ್ನ ದಿನಸಿ ಅಂಗಡಿ. ಅವರ ಅಡುಗೆಮನೆಯ ಕಿಟಕಿ ತೆಗೆದರೆ ಅವರಿಗೆ ನನ್ನ ತಕ್ಕಡಿ ಕಾಣುತ್ತದೆ, ನನಗೆ ಅವರ ಒಲೆ. ಇಷ್ಟು ವರ್ಷ ಎದುರುಬದುರು ಇದ್ದ ಮೇಲೆ ಗುಟ್ಟು ಅಂತ ಏನು ಉಳಿಯುತ್ತದೆ?

ನಮ್ಮವರು ಬೇಡ ಎನ್ನಲು ತಲೆಯನ್ನು ಅತ್ತಿತ್ತ ಆಡಿಸುವುದಿಲ್ಲ. ಗದ್ದ ಮೇಲೆತ್ತಿ ನಾಲಿಗೆಯಲ್ಲಿ ‘ತ್ಚ್’ ಎಂದರೆ ಸಾಕು. ಹೌದು ಎನ್ನುವುದಾದರೆ ತಲೆ ಕೆಳಗೆ ಬಾಗುತ್ತದೆ. ಸ್ಟ್ರಾಟಿಸ್‌ನ ಗದ್ದ ಮೇಲೇ ಇರುತ್ತಿತ್ತು. ಹಡಗು ರಿಪೇರಿಯ ಯಾರ್ಡಿನಲ್ಲಿ ಅವನು ವೆಲ್ಡಿಂಗ್ ಮೇಸ್ತ್ರಿ. ಒಮ್ಮೆ ಎಣ್ಣೆ ಹಡಗಿನ ತೊಟ್ಟಿಯೊಳಗೆ ಇಳಿದು ಬೆಸೆಯುವ ಕೆಲಸ ಬಂತು. ಒಳಗಿನ ಗ್ಯಾಸೆಲ್ಲ ಹೋಗಿದೆ, ಕಿಡಿ ಬಿದ್ದರೂ ಸಿಡಿಯುವುದಿಲ್ಲ ಎಂದು ಕಂಟ್ರಾಕ್ಟರು ಕಾಗದ ತೋರಿಸಿದ. ಸ್ಟ್ರಾಟಿಸ್ ತೊಟ್ಟಿಯ ಬಾಯಿಗೆ ಮೂಗು ಒಡ್ಡಿ ಮೂಸಿ ನೋಡಿ, ಗದ್ದ ಎತ್ತಿದ. ಅವನ ತಂಡದವರು ಯಾರೂ ಇಳಿಯಲಿಲ್ಲ. ಅರ್ಗಿರಿಸ್ ಎಂಬ ಇನ್ನೊಬ್ಬ ಮೇಸ್ತ್ರಿ ತನ್ನವರನ್ನು ಕರೆದುಕೊಂಡು ಇಳಿದ. ಕೆಲಸ ಮುಗಿಸಿ ಸಿಳ್ಳೆ ಹಾಕುತ್ತಾ ಹತ್ತಿ ಬಂದ. ಏನೂ ಆಗಲಿಲ್ಲ. ಆ ಕಂಟ್ರಾಕ್ಟರು ಸ್ಟ್ರಾಟಿಸ್‌ನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಅವತ್ತು ಕಿಟಕಿಯಿಂದ ಬಂದ ಮಾತು ನನಗೆ ಇನ್ನೂ ನೆನಪಿದೆ.

“ಮೂಗು ತಪ್ಪು ಹೇಳ್ತು ಅಂತ ಒಪ್ಕೊಂಡ್ರೆ ಮೂಗೇನು ಉದುರಿ ಹೋಗುತ್ತಾ?” ಎಂದಳು ಮೆರೋಪಿ.

“ತಪ್ಪೋ ಸರಿಯೋ ಬೇರೆ ಮಾತು. ಇಳಿಯೋನು ನಾನು. ಹೌದೋ ಬೇಡ್ವೋ ಅನ್ನೋದೂ ನಾನೇ.”

“ಇಳಿಯೋನು ನೀನು, ಸರಿ. ಒಲೆ ಹಚ್ಚೋಳು ಯಾರು?”

ಒಲೆ ಹಚ್ಚಿದವಳು ಅವಳೇ. ಪಕ್ಕದ ಬಂದರು ಪಟ್ಟಣ ಪಿರೇಯಸ್‌ನ ದೊಡ್ಡ ದೊಡ್ಡ ವಸತಿ ಕಟ್ಟಡಗಳ ಮೆಟ್ಟಿಲು ತೊಳೆಯುವ ಕೆಲಸ ಹಿಡಿದಳು. ಆಮೇಲೆ ದೇಶಕ್ಕೇ ಗ್ರಹಚಾರ ಬಡಿಯಿತು. ದೇಶಕ್ಕೆ ಸಾಲ ಕೊಟ್ಟ ಹೊರಗಿನವರು ಒಂದೊಂದು ಕಂತಿಗೂ ಒಂದೊಂದು ಒಪ್ಪಂದ ತಂದು ಮುಂದಿಟ್ಟರು; ಒಂದೊಂದು ಒಪ್ಪಂದಕ್ಕೂ ಪಿಂಚಣಿ ಸಣ್ಣದಾಯಿತು, ಆಸ್ಪತ್ರೆ ಸಣ್ಣದಾಯಿತು. ಯಾರ್ಡು ಖಾಲಿಯಾಗಿ ತುಕ್ಕು ಹಿಡಿಯಿತು. ಕೆಲಸವಿಲ್ಲದ ಗಂಡಸರು ಬೆಳಗಾದರೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸಮುದ್ರ ನೋಡುತ್ತಿದ್ದರು. ಸ್ಟ್ರಾಟಿಸ್ ಅವರ ನಡುವೆ ಕೂತು ಎಲ್ಲದಕ್ಕೂ ‘ತ್ಚ್’ ಎನ್ನುತ್ತಿದ್ದ. ಒಂದು ಚಳಿಗಾಲದ ಬೆಳಗ್ಗೆ ಹಾಗೆ ಗದ್ದ ಎತ್ತಲು ಹೋದವನು ಪಕ್ಕಕ್ಕೆ ಒರಗಿದ. ಲಕ್ವ.

ಬಲಗೈ ಬಲಗಾಲು ಹೋದವು. ಓದುವುದು ಹೋಯಿತು, ಅಂಗಡಿಯ ಬೋರ್ಡು ನೋಡಿದರೆ ಅವನ ಕಣ್ಣಿಗೆ ಇರುವೆ ಹರಿದ ಹಾಗೆ ಕಾಣುತ್ತಿತ್ತೋ ಏನೋ, ಮುಖ ತಿರುಗಿಸುತ್ತಿದ್ದ. ನಾವು ಹೇಳಿದ್ದು ಅವನಿಗೆ ತಿಳಿಯುತ್ತಿತ್ತು, ಮಾತು ಮಾತ್ರ ಅವನಿಂದ ಹೊರಡುತ್ತಿರಲಿಲ್ಲ. ಕುತ್ತಿಗೆ ಬಿಗಿದು ತಲೆ ಎದೆಯ ಕಡೆ ವಾಲಿತು. ದೇವರು ಎಂಥ ಕುಚೇಷ್ಟೆಯವನು ನೋಡಿ: ಅವನ ನಾಲಿಗೆಯ ಮೇಲೆ ಒಂದೇ ಒಂದು ಮಾತು ಉಳಿಸಿದ. ‘ನೆ.’ ನಮ್ಮ ಭಾಷೆಯಲ್ಲಿ ‘ನೆ’ ಎಂದರೆ ಹೌದು.

ನೀರು ಬೇಕಾದರೆ ನೆ. ಬೇಡವಾದರೂ ನೆ. ಬೈಯಬೇಕಾದರೆ ನೆ, ನೆ, ನೆ. ಮೊದಮೊದಲು ಆ ಮಾತು ಬಾಯಿಂದ ಬಿದ್ದಾಗೆಲ್ಲ ಅವನು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಮೆರೋಪಿ ಆ ಎಡಗೈಯನ್ನು ಹಿಡಿದು ತನ್ನ ಕಂಕುಳಲ್ಲಿ ಅವುಚಿಕೊಂಡು ಕೂರುತ್ತಿದ್ದಳು. ನೀರು ಸೋಸುವ ಯಂತ್ರ ಮಾರುವವನೊಬ್ಬ ಬಂದು, ಹಾಕಲಾ ಎಂದನಂತೆ, ಇವನು ನೆ ಎಂದನಂತೆ. ಮೆರೋಪಿ ಕೆಲಸ ಮುಗಿಸಿ ಬರುವಷ್ಟರಲ್ಲಿ ನಲ್ಲಿಗೆ ಅದು ಕೂತಿತ್ತು. ಅವಳು ಆ ಪುಣ್ಯಾತ್ಮನನ್ನು ಬೀದಿಯ ತುದಿಯಿಂದ ಕಾಲರ್ ಹಿಡಿದು ತಂದು ಬಿಚ್ಚಿಸಿದಳು. ಅವತ್ತು ಬೀದಿಯೆಲ್ಲ ನಕ್ಕಿತು. ಸ್ಟ್ರಾಟಿಸ್‌ನ ಕಣ್ಣಲ್ಲಿ ಮಾತ್ರ ನೀರು.

ಅಲ್ಲಿಂದ ಅವನ ನಾಲಿಗೆ ಅವಳೇ ಆದಳು. ನಮಗೆ ಎಲ್ಲ ‘ನೆ’ಗಳೂ ಒಂದೇ ಥರ. ಅವಳಿಗೆ ಹಾಗಲ್ಲ.

“ಏನಂತಾರೆ ಮೆರೋಪಿ, ಮೇಸ್ತ್ರಿ?” ಎಂದು ಯಾರಾದರೂ ಕೇಳಿದರೆ, ಬಟ್ಟೆ ಹಿಂಡುತ್ತಲೇ ಹೇಳುತ್ತಿದ್ದಳು: “ಹಸಿವಿಲ್ಲ, ಸಿಟ್ಟು ಬಂದಿದೆ ಅಂತಾನೆ.” ಅಥವಾ, “ನಿನ್ನ ಷರ್ಟು ಚೆನ್ನಾಗಿಲ್ಲ ಅಂತಾನೆ.” ಸ್ಟ್ರಾಟಿಸ್‌ನ ಮುಖ ಅರಳುತ್ತಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವನ ಮಾತನ್ನು ಅವಳು ತಪ್ಪಾಗಿ ಹೇಳಿದ್ದಿಲ್ಲ. ತನಗೆ ಬೇಡದ ಮಾತಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು.

ಹೀಗಿರುವಾಗ ಜೂನ್ ತಿಂಗಳ ಕೊನೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಸಾಲದವರ ಹೊಸ ಒಪ್ಪಂದವನ್ನು ಒಪ್ಪಬೇಕೋ ಬೇಡವೋ ಜನರೇ ಓಟು ಹಾಕಿ ಹೇಳಲಿ ಎಂದರು. ಜುಲೈ ಮೊದಲ ಭಾನುವಾರವೇ ಓಟು. ಓಟಿಗೂ ಮುಂಚೆ, ಆ ಸೋಮವಾರದಿಂದಲೇ ಬ್ಯಾಂಕುಗಳಿಗೆ ಬೀಗ. ದುಡ್ಡು ತೆಗೆಯುವ ಯಂತ್ರದ ಮುಂದೆ ಸಾಲು, ಪೆಟ್ರೋಲಿಗೆ ಸಾಲು, ನನ್ನ ಅಂಗಡಿಯಲ್ಲಿ ಪಾಸ್ತಾ, ಹಾಲಿನ ಡಬ್ಬಿಗೆ ಕಿತ್ತಾಟ. ಮುದುಕರು ಬ್ಯಾಂಕಿನ ಬಾಗಿಲಲ್ಲಿ ಬಿಸಿಲಿಗೆ ಕೂತು ಅತ್ತರು. ನಾನೂ ಅತ್ತೆ; ಅದರಲ್ಲಿ ಮುಚ್ಚಿಡುವುದೇನಿದೆ?

ಸ್ಟ್ರಾಟಿಸ್‌ಗೆ ಮಾತ್ರ ಜೀವ ಬಂತು. ಟಿವಿ ಮುಂದೆ ಎಡಗೈಯಲ್ಲಿ ಮೇಜು ಬಡಿಯುತ್ತಾ ನೆ ನೆ ಎನ್ನುತ್ತಿದ್ದ. ಏನಂತಾರೆ ಎಂದೆ.

“ಬೇಡ ಅಂತಾನೆ. ಇನ್ನೇನಂತಾನೆ?” ಎಂದಳು ಮೆರೋಪಿ. “ಓಟು ಹಾಕೋಕೆ ಕರ್ಕೊಂಡು ಹೋಗು ಅಂತ ಪ್ರಾಣ ತಿಂತಿದಾನೆ.”

ಅವಳ ಮುಖ ಸುಣ್ಣದ ಹಾಗಿತ್ತು. ಔಷಧಿ ಅಂಗಡಿಯಿಂದ ಬಂದಿದ್ದಳು. ರಕ್ತ ಹೆಪ್ಪುಗಟ್ಟದ ಹಾಗೆ ಸ್ಟ್ರಾಟಿಸ್ ದಿನಾ ನುಂಗಬೇಕಾದ ಮಾತ್ರೆ ಹೊರದೇಶದ್ದು. ಬೇಡ ಗೆದ್ದರೆ ಮುಂದಿನ ಸರಕು ಬರುತ್ತದೋ ಇಲ್ಲವೋ ದೇವರಿಗೇ ಗೊತ್ತು ಎಂದು ಅಂಗಡಿಯವನು ಹೇಳಿ, ಮಾತ್ರೆಯ ಒಂದೇ ಒಂದು ಸ್ಟ್ರಿಪ್ಪು ಕೊಟ್ಟು ಕಳಿಸಿದ್ದ.

ನನ್ನ ಅಂಗಡಿಯ ಮೆಟ್ಟಿಲು ಪಾರ್ಲಿಮೆಂಟಾಯಿತು. ಸ್ಟ್ರಾಟಿಸ್‌ನ ತಂಡದಲ್ಲಿದ್ದ ಪಾಂದೆಲಿಸ್ ‘ಬೇಡ’ದ ಪತಾಕೆ ಹಿಡಿದವನು. ಮೆರೋಪಿ ಬ್ರೆಡ್ಡಿಗೆ ಬಂದವಳು ಅವನ ಮೇಲೆ ಎಗರಿದಳು.

“ಆ ಒಪ್ಪಂದದಲ್ಲಿ ಏನಿದೆ ಅಂತ ಓದಿದೀಯೇನೋ?”

“ನಾನ್ಯಾಕೆ ಓದ್ಲಿ ಮೆರೋಪಕ್ಕ? ಲೆಕ್ಕದೋರ ಭಾಷೇಲಿದೆ. ಅದರಲ್ಲಿರೋದೆಲ್ಲ ನನ್ನ ಮೈಮೇಲೇ ಬರ್ದಿದಾರಲ್ಲ, ಐದು ವರ್ಷದಿಂದ.”

“ಓದದೆ ಓಟು ಹಾಕ್ತಾರಂತೆ! ಹೊಟ್ಟೆ ಕುಯ್ಯಬೇಕೋ ಬೇಡವೋ ಅಂತ ಡಾಕ್ಟ್ರು ಬೀದಿಗೆ ಬಂದು ಕೈ ಎತ್ತಿಸ್ತಾನಾ? ಗೊತ್ತಿರೋರು ಕೂತು ಮಾಡ್ಲಿ.”

“ಗೊತ್ತಿರೋರೇ ಅಲ್ವಾ ಇಷ್ಟು ದಿನ ಮಾಡಿದ್ದು? ಡಾಕ್ಟ್ರಾದ್ರೂ ಕುಯ್ಯೋ ಮುಂಚೆ ಕೇಳ್ತಾನಕ್ಕ, ‘ಕುಯ್ಲಾ?’ ಅಂತ. ಮೇಸ್ತ್ರಿ ಹೇಳ್ತಿರ್ಲಿಲ್ವಾ? ಇಳಿಯೋನು ನಾನು, ಹೌದೋ ಬೇಡ್ವೋ ಅನ್ನೋದೂ ನಾನೇ ಅಂತ.”

“ಹೇಳ್ತಿದ್ದ. ಹೇಳಿ ಮನೇಲಿ ಕೂತ.”

ನನಗೋ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಓಟಿಗಿಟ್ಟ ಆ ಒಪ್ಪಂದದ ಗಡುವು ಓಟಿಗೆ ಮುಂಚೆಯೇ ಮುಗಿದುಹೋಗುತ್ತದೆ ಎಂದು ಟಿವಿಯವರು ಬೇರೆ ಹೇಳುತ್ತಿದ್ದರು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೂ ಒಂದು ಮಾತು: ಎರಡನೇ ಮಹಾಯುದ್ಧದಲ್ಲಿ ನನ್ನ ದಂಡನ್ನು ಒಳಗೆ ಬಿಡಿ ಎಂದ ಪರದೇಶದವನಿಗೆ ಬೇಡ ಎಂದದ್ದಕ್ಕಾಗಿ ಇವತ್ತಿಗೂ ವರ್ಷಕ್ಕೊಂದು ದಿನ ರಜೆ ಕೊಟ್ಟು ಮೆರವಣಿಗೆ ಮಾಡುವ ದೇಶ ನಮ್ಮದು. ಅಂಥವರನ್ನು ಕರೆದು ಹೌದೋ ಬೇಡವೋ ಎಂದು ಕೇಳಿದರೆ ಮೈಯಲ್ಲಿ ಏನೋ ಆಗುತ್ತದೆ. ಸ್ಟ್ರಾಟಿಸ್‌ಗೆ ಆದದ್ದೂ ಅದೇ. ಬಾಯಲ್ಲಿ ಬಾರದ ಒಂದು ಮಾತನ್ನು ಕೈಯಲ್ಲಿ ಹೇಳಬಹುದು ಎಂದು ಅವನಿಗೆ ಗೊತ್ತಾಗಿತ್ತು. ಜೀವಮಾನದ ಒಂದು ‘ಬೇಡ’ ಅವನಿಗೆ ಬಾಕಿ ಇತ್ತು.

ಮೆರೋಪಿ ಅವನಿಗೆ ಪಾಠ ಶುರು ಮಾಡಿದಳು. ಮಾಂಸದಂಗಡಿಯ ಕಾಗದದ ಮೇಲೆ ಒಂದರ ಕೆಳಗೊಂದು ಎರಡು ಚೌಕ ಬರೆದು, ಅವನ ಎಡಗೈಗೆ ಪೆನ್ನು ಕೊಟ್ಟಳು.

“ನೋಡು ಸ್ಟ್ರಾಟಿ, ಮೇಲಿಂದು ಹೌದು, ಕೆಳಗಿಂದು ಬೇಡ. ಎಲ್ಲಿ ಹಾಕ್ತೀಯ?”

ಅವನು ಕೆಳಗಿನ ಚೌಕದೊಳಗೆ ಕತ್ತರಿ ಗುರುತು ಎಳೆದು, ಕಿಟಕಿಯಿಂದ ನನ್ನ ಕಡೆ ನೋಡಿ ನಕ್ಕ. ನಾನು ಚಪ್ಪಾಳೆ ತಟ್ಟಿದೆ. ಆ ಕಾಗದವನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ದಿನಾ ಅದನ್ನೇ ತೋರಿಸಿ ಕೇಳುತ್ತಿದ್ದಳು, ದಿನಾ ಅವನು ಕೆಳಗಿನ ಚೌಕಕ್ಕೆ ಬೆರಳಿಡುತ್ತಿದ್ದ.

ಶುಕ್ರವಾರ ಪತ್ರಿಕೆಯಲ್ಲಿ ಓಟಿನ ಚೀಟಿಯ ಚಿತ್ರ ಬಂತು. ನೋಡಿದರೆ ಬೇಡ ಮೇಲಿದೆ, ಹೌದು ಕೆಳಗಿದೆ! ಎಲ್ಲ ಕಡೆಯೂ ಹೌದು ಮೊದಲು, ಬೇಡ ಆಮೇಲೆ, ಇವರದು ಉಲ್ಟಾ. ಪತ್ರಿಕೆ ಹಿಡಿದು ಎದುರುಮನೆಗೆ ಓಡಿದೆ. ಸ್ಟ್ರಾಟಿಸ್ ಒಳಗೆ ಮಲಗಿದ್ದ.

“ಅಯ್ಯೋ ಮೆರೋಪಿ, ತಪ್ಪು ಹೇಳ್ಕೊಟ್ಟಿದೀಯಲ್ಲೇ! ಬೇಡ ಮೇಲಿದೆ ನೋಡು.”

ಅವಳು ಬೀನ್ಸ್ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತು,” ಎಂದಳು.

ಚೀಟಿಯನ್ನು ಅವಳು ಮೊದಲೇ ಟಿವಿಯಲ್ಲಿ ನೋಡಿದ್ದಳು ಎನ್ನುವುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಕೂತುಬಿಟ್ಟೆ.

“ಇದು ಪಾಪ ಕಣೇ.”

“ಇರ್ಲಿ. ನನ್ನ ತಲೆ ಮೇಲೆ ಇರ್ಲಿ. ಅವನ ‘ಬೇಡ’ನ ಇಡೀ ಜನ್ಮ ಹೊತ್ತಿದೀನಿ ಪಗೋನಕ್ಕ. ಅವನು ಬೇಡ ಅಂದಾಗೆಲ್ಲ ಆರಿದ್ದು ನನ್ನ ಒಲೆ. ಈ ಸಲದ ಬೇಡಕ್ಕೆ ಆರೋದು ಅವನ ಉಸಿರು. ಮಾತ್ರೆ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಹೊಡಿಯುತ್ತೆ ಅಂದಿದಾರೆ ಡಾಕ್ಟ್ರು. ಆಗ ಆ ‘ನೆ’ನೂ ಇರೋಲ್ಲ. ನಾನು ಯಾರ ಜೊತೆ ಮಾತಾಡ್ಲಿ? ನಿನ್ನ ತಕ್ಕಡಿ ಜೊತೆಗಾ?”

“ಒಂದು ಓಟಿಂದ ಏನಾಗುತ್ತೇ?”

“ಏನೂ ಆಗಲ್ಲ ಅಂದ್ರೆ ನಿಂಗ್ಯಾಕೆ ಉರಿ?”

ಅವನಿಗೆ ಹೇಳಿಬಿಡ್ತೀನಿ ಎಂದೆ. ಹೇಳು, ಓದೋಕೆ ಬರಲ್ಲ ಅವನಿಗೆ, ನಿನ್ನ ಮಾತು ನಂಬ್ತಾನೋ ನನ್ನ ಮಾತು ನಂಬ್ತಾನೋ ನೋಡೋಣ ಎಂದಳು. ಅಷ್ಟು ಹೇಳಿ ಅಳಲು ಶುರು ಮಾಡಿದಳು. ಮಡಿಲಲ್ಲಿದ್ದ ಬೀನ್ಸೆಲ್ಲ ನೆಲಕ್ಕೆ ಚೆಲ್ಲಿತು. ಇಬ್ಬರೂ ಆರಿಸಿದೆವು. ನಾನು ಹೇಳಲಿಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತ ಹೆಂಗಸನ್ನು ಯಾವ ಕಡೆ ನೂಕಲಿ?

ಭಾನುವಾರ ಬಿಸಿಲು ಬೆಳಗ್ಗೆಯೇ ಸುಡುತ್ತಿತ್ತು. ಮೆರೋಪಿ ಅವನಿಗೆ ಗಡ್ಡ ಹೆರೆದು, ಮದುವೆಗಳಿಗೆ ಹಾಕುತ್ತಿದ್ದ ಕೋಟು ತೊಡಿಸಿದಳು. ಮೆಟ್ಟಿಲು ಬೀದಿಯಲ್ಲಿ ಗಾಲಿಕುರ್ಚಿ ಇಳಿಯುವುದಿಲ್ಲ. ಪಾಂದೆಲಿಸ್ ಮತ್ತು ಹಳೆಯ ತಂಡದವರು ಕಾಫಿ ಅಂಗಡಿಯ ಹುಲ್ಲುಹೆಣಿಗೆಯ ಕುರ್ಚಿ ತಂದು, ಅವನನ್ನು ಅದರಲ್ಲಿ ಕೂರಿಸಿ, ಯಾರ್ಡಿನ ಬೆಲ್ಟಿನಿಂದ ಬಿಗಿದು, ನಾಲ್ಕು ಕಡೆ ಹೆಗಲು ಕೊಟ್ಟರು. ಸಂತರ ಪಟ ಹೊರಟ ಹಾಗೆ ಇಳಿಯಿತು ಮೇಸ್ತ್ರಿಯ ಸವಾರಿ. ಬಾಗಿಲುಗಳಲ್ಲಿ ಹೆಂಗಸರು ನಿಂತು, “ಹುಷಾರು ಮೇಸ್ತ್ರಿ!” “ಮದುಮಗ ಆಗ್ಬಿಟ್ರಲ್ಲ!” ಎಂದರು. ಅವನು ಎಡಗೈ ಎತ್ತಿ ನೆ ನೆ ಎನ್ನುತ್ತಿದ್ದ. ಮೆರೋಪಿ ಪಕ್ಕದಲ್ಲೇ ಇಳಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಓಟು ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ಅರ್ಗಿರಿಸ್ ನಿಂತಿದ್ದ. ಅವನಿಗೂ ಈಗ ಕೆಲಸವಿಲ್ಲ, ನಾಲಿಗೆ ಮಾತ್ರ ಹಾಗೇ ಇತ್ತು.

“ಏನ್ ಮೇಸ್ತ್ರಿ, ತೊಟ್ಟಿಗಂತೂ ಇಳೀಲಿಲ್ಲ. ಈ ಸಲನಾದ್ರೂ ಹೌದು ಅಂತೀರೋ?”

“ನೆ,” ಎಂದ ಸ್ಟ್ರಾಟಿಸ್.

ಸುತ್ತ ನಿಂತವರು ಗೊಳ್ಳೆಂದರು. ಕೆಟ್ಟ ನಗೆಯಲ್ಲ, ಸುಮ್ಮನೆ ಬಂದ ನಗೆ. ಸ್ಟ್ರಾಟಿಸ್‌ನ ಮುಖ ಕೆಂಪಾಯಿತು. ಗದ್ದ ಎತ್ತಲು ನೋಡಿದ. ಕುತ್ತಿಗೆಯ ನರ ಉಬ್ಬಿತು, ತಲೆ ಇನ್ನಷ್ಟು ಕೆಳಗೆ ವಾಲಿತು. ಹೌದು ಹೌದು ಎಂದ ಹಾಗೇ ಕಂಡಿತು. ನಗು ಹೆಚ್ಚಾಯಿತು. ಆಗ ಅವನು ಮಾಡಿದ್ದು ಇಷ್ಟೇ: ತಿರುಗಿ ಮೆರೋಪಿಯ ಮುಖ ನೋಡಿದ. ನೀನು ಹೇಳು ಅವರಿಗೆ, ಎಂಬಂತೆ. ಮಗು ತಾಯಿಯ ಕಡೆ ನೋಡುತ್ತದಲ್ಲ, ಹಾಗೆ.

“ಬೇಡ ಅಂತಿದಾನೆ,” ಎಂದಳು ಮೆರೋಪಿ ಗಟ್ಟಿಯಾಗಿ. “ಕಿವಿ ಕೇಳಲ್ವಾ ನಿಮಗೆ? ಬೇಡ ಅಂತಿದಾನೆ ಅವನು!”

ನಗು ನಿಂತಿತು. ಅವಳ ಬಾಯಿಂದ ಅದು ತಾನಾಗಿಯೇ ಬಂದಿತ್ತು, ಎರಡು ವರ್ಷದ ಅಭ್ಯಾಸ. ಹೇಳಿದ ಮೇಲೆ ಅವಳೇ ಬೆಚ್ಚಿದಳು. ಕುರ್ಚಿ ಇಳಿಸಿ ಎಂದಳು. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡು ಬೆರಳನ್ನು ಅವನ ಗದ್ದದ ಕೆಳಗಿಟ್ಟು ಮೆಲ್ಲಗೆ ಮೇಲೆತ್ತಿದಳು. ಎರಡು ವರ್ಷದ ಮೇಲೆ ಆ ಗದ್ದ ತನ್ನ ಜಾಗಕ್ಕೆ ಬಂತು.

“ಸ್ಟ್ರಾಟಿ, ಕೇಳು. ನಾನು ಹೇಳ್ಕೊಟ್ಟಿದ್ದು ತಪ್ಪು. ಬೇಡ ಅಂದ್ರೆ ಮೇಲೆ. ಗದ್ದ ಮೇಲೆ, ಗುರುತೂ ಮೇಲೆ. ಮೇಲಿನ ಚೌಕ. ತಿಳೀತಾ?”

ಅವನು ಅವಳನ್ನೇ ದಿಟ್ಟಿಸಿದ. ಹುಬ್ಬು ಗಂಟಾಯಿತು. ಒಂದು ವಾರವೆಲ್ಲ ಕೆಳಗೆ ಕೆಳಗೆ ಎಂದವಳು ಈಗ ಮೇಲೆ ಎನ್ನುತ್ತಿದ್ದಾಳೆ.

“ನೆ?”

“ಹೂಂ. ಮೇಲೆ.” ಅವಳು ಗದ್ದ ಬಿಡಲಿಲ್ಲ. “ಇದು ಬೇಡ. ಹೀಗೆ. ಮೇಲೆ.”

ಒಳಗೆ ಓಟಿನ ಮೇಲ್ವಿಚಾರಣೆಗೆ ಬಂದ ವಕೀಲೆ, ಚಿಕ್ಕ ಪ್ರಾಯದವಳು, ಪರದೆಯ ಹಿಂದೆ ಹೆಂಡತಿ ಹೋಗುವ ಹಾಗಿಲ್ಲ ಎಂದಳು. ಬೇಕಾದರೆ ತಾನು ಸಹಾಯ ಮಾಡುತ್ತೇನೆ ಎಂದಳು. ಸ್ಟ್ರಾಟಿಸ್ ಚೀಟಿಯನ್ನು ಅವಳ ಕೈಯಿಂದ ಕಿತ್ತುಕೊಂಡ ರೀತಿಯಲ್ಲೇ ಅವಳಿಗೆ ಉತ್ತರ ಸಿಕ್ಕಿತು. ಕುರ್ಚಿಯನ್ನು ಪರದೆಯ ಹಿಂದೆ ಇಟ್ಟು ಪಾಂದೆಲಿಸ್ ಹೊರಬಂದ. ನಾವು ಕಾದೆವು. ಎಷ್ಟು ಹೊತ್ತಾದರೂ ಸದ್ದಿಲ್ಲ. ಮೆರೋಪಿ ಗೋಡೆಗೆ ಒರಗಿ, ಅವನ ಟೋಪಿಯನ್ನು ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದಳು. ಕೊನೆಗೆ ಒಳಗಿಂದ “ನೆ!” ಎಂಬ ಕೂಗು. ಚೀಟಿ ಹಾಕಿದ ಲಕೋಟೆಯನ್ನು ನೆಕ್ಕಿ ಅಂಟಿಸಿ ಹಲ್ಲಲ್ಲಿ ಕಚ್ಚಿಕೊಂಡಿದ್ದ. ಪೆಟ್ಟಿಗೆಗೆ ತಾನೇ ಹಾಕಿದ. ‘ಮತ ಹಾಕಿದರು’ ಎಂದು ವಕೀಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಸ್ಟ್ರಾಟಿಸ್ ಅತ್ತ. ತಂಡದವರೂ ಅತ್ತರು.

ಆಮೇಲೆ ಮೆರೋಪಿ ತನ್ನ ಚೀಟಿ ತೆಗೆದುಕೊಂಡು ಹೋದಳು. ಹೊರಗೆ ಬಂದು ನನ್ನ ಕಿವಿಯಲ್ಲಿ, “ಅವನದು ಮೇಲೆ, ನಂದು ಕೆಳಗೆ. ಒಂದಕ್ಕೊಂದು ಹೊಡೀತು, ಮನೆಗೆ ಹೋಗೋಣ ನಡಿ,” ಎಂದಳು. ನಾನೇನು ಹಾಕಿದೆ ಎಂದು ಕೇಳಬೇಡಿ, ಹೇಳುವುದಿಲ್ಲ.

ರಾತ್ರಿ ಬೇಡ ಗೆದ್ದಿತು. ಅಲ್ಪಸ್ವಲ್ಪ ಅಲ್ಲ, ಬಾಚಿಕೊಂಡು ಗೆದ್ದಿತು. ಕೆಳಗೆ ಯಾರ್ಡಿನ ಕಡೆ ಯಾರೋ ಹಡಗಿನ ಸೈರನ್ ಊದಿದರು. ಸ್ಟ್ರಾಟಿಸ್ ಮೆರೋಪಿಯ ಕೈ ಹಿಡಿದು, ಅದನ್ನು ತನ್ನ ಗದ್ದದ ಕೆಳಗಿಟ್ಟುಕೊಂಡು ಕೂತಿದ್ದ. ಎತ್ತು ಎಂದು. ಅವಳು ಎತ್ತಿದಳು, ಮತ್ತೆ ಎತ್ತಿದಳು. ಅವನ ನಗು ಕಿಟಕಿಯಿಂದ ಕಾಣುತ್ತಿತ್ತು. ಅವಳ ಕಣ್ಣಲ್ಲಿ ಭಯ ಹೋಗಿರಲಿಲ್ಲ, ಆದರೂ ಅವಳು ನಕ್ಕಳು. ಆ ಒಂದು ವಾರ ಅವನು ಒಮ್ಮೆಯೂ ತನ್ನ ಬಾಯಿಗೆ ಹೊಡೆದುಕೊಳ್ಳಲಿಲ್ಲ.

ಓಟಾಗಿ ಎಂಟು ದಿನಕ್ಕೆ, ಸೋಮವಾರ ಬೆಳಗ್ಗೆ ಸುದ್ದಿ ಬಂತು. ಬ್ರಸೆಲ್ಸ್‌ನಲ್ಲಿ ಸಾಲದವರ ಜೊತೆ ರಾತ್ರಿಯೆಲ್ಲ ಕೂತು ನಮ್ಮವರು ಒಪ್ಪಿಕೊಂಡು ಬಂದಿದ್ದರು. ನಾವು ಬೇಡ ಎಂದದ್ದಕ್ಕಿಂತ ಬಿಗಿಯಾದ ಒಪ್ಪಂದಕ್ಕೆ, ಹೌದು ಎಂದು.

ಪಾಂದೆಲಿಸ್ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, “ಮೇಸ್ತ್ರಿ ಕಾಯಿಲೆ ದೇಶಕ್ಕೆ ಬಡೀತು ಪಗೋನಕ್ಕ. ತಲೇಲಿ ಬೇಡ, ಬಾಯಲ್ಲಿ ಹೌದು,” ಎಂದ. ಆಗಲೇ ಎದುರುಮನೆಯಿಂದ ಏನೋ ಬಿದ್ದ ಸದ್ದು ಕೇಳಿ ಇಬ್ಬರೂ ಓಡಿದೆವು.

ಸ್ಟ್ರಾಟಿಸ್ ನೆಲದ ಮೇಲಿದ್ದ. ಟಿವಿ ಹಾಗೇ ಮಾತಾಡುತ್ತಿತ್ತು. ಫ್ರಿಜ್ಜಿನ ತನಕ ತೆವಳಿಕೊಂಡು ಹೋಗಿ, ಬಾಗಿಲಿಗೆ ಅಂಟಿಸಿದ್ದ ಆ ಎರಡು ಚೌಕದ ಕಾಗದವನ್ನು ಕಿತ್ತಿದ್ದ. ಮೆರೋಪಿ ಅವನನ್ನು ಎತ್ತಲು ಹೋದರೆ ಕೈ ಕೊಡವಿದ. ಕಾಗದವನ್ನು ನೆಲದ ಮೇಲೆ ಹಾಸಿ, ತೋರುಬೆರಳನ್ನು ಮೇಲಿನ ಚೌಕದ ಮೇಲೆ ಕುಟ್ಟಿದ.

“ನೆ!” ಮತ್ತೆ ಕುಟ್ಟಿದ. “ನೆ! ನೆ!”

ಅವತ್ತು ಅವನ ಮಾತು ಬಿಡಿಸಿ ಹೇಳುವವರು ಬೇಕಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಿ ಅವನ ಮನಸ್ಸಿನಲ್ಲಿದ್ದದ್ದನ್ನೇ ಆಡುತ್ತಿತ್ತು. ಮೆರೋಪಿಗೆ ಹೇಳುತ್ತಿದ್ದ: ಇದು ಹೌದು. ಮೇಲಿನದೇ ಹೌದು ಆಗಿತ್ತು. ನೀನು ಮೊದಲು ಹೇಳಿದ್ದೇ ನಿಜ, ಗೇಟಿನಲ್ಲಿ ಹೇಳಿದ್ದು ಸುಳ್ಳು. ಬೇಡ ಎಂದು ಇಷ್ಟೊಂದು ಜನ ಹಾಕಿದ್ದು ಹೌದು ಆಗುವುದಾದರೂ ಹೇಗೆ? ಎಲ್ಲರಿಗೂ ಯಾರೋ ಹೀಗೇ ತಪ್ಪು ಹೇಳಿಕೊಟ್ಟಿರಬೇಕು. ನನಗೆ ಹೇಳಿಕೊಟ್ಟವಳು ನೀನು.

“ಇಲ್ಲ ಸ್ಟ್ರಾಟಿ! ಮೇಲಿಂದೇ ಬೇಡ! ನಿಜವಾಗ್ಲೂ!” ಮೆರೋಪಿ ನನ್ನ ಕಡೆ ತಿರುಗಿದಳು. “ಪಗೋನಕ್ಕ, ಆ ಪೇಪರ್ ತೋರ್ಸು ಅವನಿಗೆ, ಹೇಳು ಅವನಿಗೆ.”

ಪೇಪರ್ ತಂದೆ. ಅವನಿಗೆ ಓದಲು ಬಂದರೆ ತಾನೇ? ಮುಖ ತಿರುಗಿಸಿದ. ಪಾಂದೆಲಿಸ್ ಅವನ ಪಕ್ಕ ನೆಲದ ಮೇಲೇ ಕೂತ.

“ಮೇಸ್ತ್ರಿ, ಅಕ್ಕ ಹೇಳ್ತಿರೋದು ನಿಜ. ನಾನೂ ಮೇಲೇ ಹಾಕಿದ್ದು. ಎಲ್ಲರೂ ಮೇಲೇ ಹಾಕಿದ್ದು. ಬೇಡ ಅಂತಲೇ ಹಾಕಿದ್ವಿ.”

“ನೆ?” ಎಂದ ಸ್ಟ್ರಾಟಿಸ್ ಟಿವಿಯ ಕಡೆ ಬೆರಳು ತೋರಿಸಿ. ಹಾಗಾದರೆ ಇದು?

ಪಾಂದೆಲಿಸ್ ಟಿವಿ ಆರಿಸಿದ. “ಯಾಕೆ ಹೀಗಾಯ್ತು ಅಂತ ನಂಗೂ ಗೊತ್ತಿಲ್ಲ ಮೇಸ್ತ್ರಿ,” ಎಂದ. ಅದಕ್ಕಿಂತ ಒಳ್ಳೆಯ ಉತ್ತರ ಆ ದಿನ ದೇಶದಲ್ಲಿ ಯಾರ ಬಳಿಯೂ ಇರಲಿಲ್ಲ. ಸರ್ಕಾರದವರು ನಮ್ಮನ್ನು ಕೇಳಿದ್ದೇಕೆ? ಕೇಳದೆಯೇ ಮಾಡಿದ್ದರೆ ನಮ್ಮ ದರಿದ್ರ ನಮಗಿರುತ್ತಿತ್ತು. ಕರೆದು, ಕೂರಿಸಿ, ಹೊತ್ತು ತರಿಸಿ, ಹೇಳಪ್ಪ ಎಂದು ಕೇಳಿ, ಆಮೇಲೆ ಹೀಗೆ ಮಾಡಿದರು. ಇವರಿಗೆ ಒಂದು ಮನೆ ಉಳಿಯಿತೋ ಮುರಿಯಿತೋ ಎಂದು ಗೊತ್ತಾಗುವುದಾದರೂ ಹೇಗೆ?

ನಾನು, ಪಾಂದೆಲಿಸ್ ಸೇರಿ ಅವನನ್ನು ಕುರ್ಚಿಗೆ ಎತ್ತಿ ಕೂರಿಸಿದೆವು. ಬಾಯಿಗೆ ಹೊಡೆದುಕೊಳ್ಳಲಿಲ್ಲ. ಮೆರೋಪಿ ಅವನ ಮುಂದೆ ಮಂಡಿಯೂರಿ, ಗೇಟಿನಲ್ಲಿ ಮಾಡಿದ ಹಾಗೇ ಗದ್ದದ ಕೆಳಗೆ ಬೆರಳಿಟ್ಟಳು. ಅವನು ಗದ್ದವನ್ನು ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದ.

“ಮೋಸ ಮಾಡ್ಬೇಕು ಅಂತ ಇದ್ದೆ, ಸ್ಟ್ರಾಟಿ. ದೇವರಾಣೆ ಇದ್ದೆ. ನೀನು ಸಾಯ್ತೀಯ ಅಂತ ಹೆದ್ರಿಕೆ ನಂಗೆ. ಆದ್ರೆ ಮಾಡ್ಲಿಲ್ಲ. ಗೇಟಲ್ಲಿ ಹೇಳಿದ್ದೇ ನಿಜ. ನಿನ್ನ ‘ಬೇಡ’ ಬೇಡ ಆಗೇ ಬಿದ್ದಿದೆ ಪೆಟ್ಟಿಗೇಲಿ. ನನ್ನ ನಂಬ್ತೀಯಾ?”

ಅವನು ಅವಳನ್ನು ನೋಡಿದ.

“ನೆ,” ಎಂದ.

ಮೆರೋಪಿ ಅಲುಗಾಡಲಿಲ್ಲ. ಅವನ ತುಟಿಯನ್ನೇ ನೋಡುತ್ತಿದ್ದಳು, ಇನ್ನೊಂದು ಸಲ ಆಡುತ್ತಾನೋ ಎಂದು. ಅವನು ಆಡಲಿಲ್ಲ. ಎರಡು ವರ್ಷ ನಮಗೆಲ್ಲ ಅವನ ಮಾತು ಬಿಡಿಸಿ ಹೇಳಿದವಳು, ಮಂಡಿಯೂರಿದಲ್ಲಿಂದಲೇ ನನ್ನ ಕಡೆ ತಿರುಗಿದಳು.

“ಪಗೋನಕ್ಕ,” ಎಂದಳು, “ಅವನು ಏನಂದ?”